ಹೊಲಿಗೆ ಮಿಷನ್ನಿನ ದಾವೆ

ನ್ಯಾಮತಿ
19-1-1981

ಚಿ. ಶಾಂತಾದೇವಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಬರೆದೆ. ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನ ಮಾವ ಕಲ್ಲೇಶಪ್ಪನ ಮೇಲೆ ಹೊನ್ನಾಳಿ ಕೋರ್ಟಿನಲ್ಲಿ ದಾವೆ ಹಾಕಿ ಬಂದಿದ್ದೇನೆ. ಹೌಹಾರಬೇಡ. ಕೋರ್ಟಿನ ಮುಂದೆ ಹುಣಸೆ ಮರದಡಿ ಅರ್ಜಿ ಬರೆಯುವ ರಂಗಣ್ಣ ಎಂಬುವನಿದ್ದಾನೆ. ಮೊದಲಿಂದ ಹೇಳಿ ಎಂದ. ಹೇಳಿದೆ. ಸತ್ತ ತಂಗಿಯ ಮಗಳನ್ನು ನಾನೇ ಸಾಕಿದೆ, ಸಂತೇಬೆನ್ನೂರಿಗೆ ಮದುವೆ ಮಾಡಿ ಕೊಟ್ಟೆ, ಮದುವೆಯಲ್ಲಿ ದಾವಣಗೆರೆಯಿಂದ ಹೊಲಿಗೆ ಮಿಷನ್ ತಂದುಕೊಟ್ಟೆ, ಅಡಿಕೆ ವ್ಯಾಪಾರದ ಮನೆಯ ಸೊಸೆ ಊರವರ ರವಿಕೆ ಹೊಲಿಯಬಾರದು ಎಂದು ಆ ಮಾವ ಮಿಷನ್ನನ್ನು ಕೋಣೆಗೆ ಹಾಕಿ ಬೀಗ ಜಡಿದ, ಹುಡುಗಿ ಉಟ್ಟ ಸೀರೆಯಲ್ಲಿ ಎದ್ದು ಬಂದಳು, ಗಂಡ ಷಣ್ಮುಖಪ್ಪ ಎಂಬುವನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ ಎಂದೆ. ಕಲ್ಲೇಶಪ್ಪನ ವಂಶದ ಬಗ್ಗೆಯೂ ನಾಲ್ಕು ಮಾತು ಹೇಳಿದೆ.

ರಂಗಣ್ಣ ಪೆನ್ನು ಕೆಳಗಿಟ್ಟ. "ಅಮ್ಮಾ, ಬೈಗುಳ ಬರೆಯಾಕೆ ಬರಲ್ಲ. ಬರೇ ಸಂಗತಿ ಹೇಳ್ರಿ."

"ಅದೂ ಸಂಗತಿನೇ ಕಣಯ್ಯ," ಎಂದೆ. ಬರೆಯಲಿಲ್ಲ.

ಜೂನ್ ಒಳಗೆ ಮಿಷನ್ ಬಂದರೆ ಜಗಳೂರಿನ ಮಹಿಳಾ ಸಮಾಜದವರು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ನಿನಗೆ ಕೊಡುತ್ತಾರೆ ಎಂದು ಬರೆದಿದ್ದೆಯಲ್ಲ. ಸ್ವಂತ ಮಿಷನ್ ಇಲ್ಲದವರಿಗೆ ಕೊಡುವುದಿಲ್ಲ ಎಂದೂ ಬರೆದಿದ್ದೆ. ಬೇರೆಯವರು ಹೊಲಿದ ಅಂಗಿಗೆ ಕಾಜ ಹಾಕಿಕೊಂಡು ಎಷ್ಟು ದಿನ ಇರುತ್ತೀಯ? ಮಿಷನ್ ತರಿಸಿಯೇ ತೀರುತ್ತೇನೆ.

ನಿನ್ನ ದೊಡ್ಡಮ್ಮ
ಕಸ್ತೂರಮ್ಮ


ಜಗಳೂರು
30-1-1981

ಪೂಜ್ಯ ದೊಡ್ಡಮ್ಮನವರಿಗೆ ಶಾಂತಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನಾನಿರುವ ಮನೆಯ ಗಾದ್ರಮ್ಮ ಓದು ಎಂದರು, ಗಟ್ಟಿಯಾಗಿ ಓದಲು ಆಗಲಿಲ್ಲ.

ದಾವೆ ಹಾಕುವ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಮಿಷನ್ ಸದ್ಯ ಅಲ್ಲೇ ಇರಲಿ. ಕಾಜ ಹಾಕುವ ಕೆಲಸಕ್ಕೆ ಏನೂ ಕೊರತೆ ಇಲ್ಲ. ಇಲ್ಲಿ ಬಿಸಿಲು ಈಗಲೇ ಶುರುವಾಗಿದೆ. ನಿಮ್ಮ ಮಂಡಿ ನೋವು ಹೇಗಿದೆ?

ಇಂತಿ,
ಶಾಂತಾ


ನ್ಯಾಮತಿ
24-2-1981

ಶಾಂತಾ,

ನನ್ನ ಮಂಡಿಗೆ ಏನೂ ಆಗಿಲ್ಲ. ಆಗಿದ್ದೆಲ್ಲ ತಲೆಗೆ.

ಹೊನ್ನಾಳಿ ಕೋರ್ಟು ದಾವೆಯನ್ನು ವಾಪಸ್ ಕೊಟ್ಟಿತು. ತಪ್ಪು ಎರಡು ಅಂತೆ. ಮೊದಲನೆಯದು, ಕಲ್ಲೇಶಪ್ಪ ಇರುವುದೂ ಮಿಷನ್ನಿಗೆ ಬೀಗ ಹಾಕಿರುವುದೂ ಸಂತೇಬೆನ್ನೂರಿನಲ್ಲಿ. ಅದು ಚನ್ನಗಿರಿ ತಾಲ್ಲೂಕು. ದಾವೆ ಚನ್ನಗಿರಿ ಕೋರ್ಟಿನಲ್ಲೇ ಆಗಬೇಕು. ನಾನಿರುವುದು ಹೊನ್ನಾಳಿ ತಾಲ್ಲೂಕು ಎಂದು ಹೊನ್ನಾಳಿಗೆ ಹೋದದ್ದು ನನ್ನ ದಡ್ಡತನ. "ಕಳ್ಳನ ಊರಿಗೇ ಹೋಗಿ ನ್ಯಾಯ ಕೇಳಬೇಕಾ?" ಎಂದು ಗುಮಾಸ್ತನನ್ನು ಕೇಳಿದೆ.

"ಅವನನ್ನ ಹಿಡಿಯಾಕೆ ಅವನಿದ್ದಲ್ಲಿಗೇ ಹೋಗ್ಬೇಕಲ್ರೀ," ಎಂದ. ಅದೂ ನಿಜವೇ.

ಎರಡನೆಯದನ್ನು ಕೇಳಿದರೆ ನೀನೂ ನಗುತ್ತೀಯ. ದಾವೆ ನನ್ನದಲ್ಲವಂತೆ. ಬಿಲ್ಲು ನನ್ನ ಹೆಸರಿನಲ್ಲಿದೆ ಎಂದು ತೋರಿಸಿದೆ. "ಮದುವೇಲಿ ಕೊಟ್ರಲ್ಲಮ್ಮ, ಕೊಟ್ಟ ಮೇಲೆ ನಿಮ್ಮದು ಹೆಂಗೆ ಆಗ್ತೈತೆ? ಆ ಹುಡುಗಿದು. ಕೇಳೋದಾದ್ರೆ ಆಕೆ ಕೇಳ್ಬೇಕು. ನೀವು ಸಾಕ್ಷಿ ಅಷ್ಟೆ," ಎಂದ. ನಿನ್ನನ್ನು ಸಾಕಿದವಳು ಸಾಕ್ಷಿ ಅಷ್ಟೆ!

ಇರಲಿ. ಚನ್ನಗಿರಿಯಲ್ಲಿ ಬೆನಕಪ್ಪ ಎಂಬ ವಕೀಲರನ್ನು ಕಂಡು ಬಂದಿದ್ದೇನೆ. ಸಣ್ಣ ಬೆಲೆಯ ವಸ್ತುವಿನ ದಾವೆಗೆ ಬೇರೆ ದಾರಿ ಇದೆ, ಜಮೀನಿನ ದಾವೆಯ ಹಾಗೆ ಮೊಮ್ಮಕ್ಕಳ ಕಾಲಕ್ಕೆ ಹೋಗುವುದಿಲ್ಲ ಎಂದರು. ಇದರ ಜೊತೆ ವಕಾಲತ್ತಿನ ಕಾಗದ ಇಟ್ಟಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕಿ ಕೂಡಲೇ ಕಳಿಸು.

ಕಸ್ತೂರಮ್ಮ


ನ್ಯಾಮತಿ
2-4-1981

ಶಾಂತಾ,

ಇದು ಮೂರನೆಯ ಕಾರ್ಡು. ಜಗಳೂರಿಗೆ ಅಂಚೆ ಹೋಗುವುದಿಲ್ಲವೋ, ಅಲ್ಲಿ ಶಾಯಿ ಸಿಗುವುದಿಲ್ಲವೋ?

ರಾತ್ರಿಯೆಲ್ಲ ಒಂದೇ ಯೋಚನೆ. ಸಹಿ ಒಂದಕ್ಕೆ ಈ ಹುಡುಗಿ ಯಾಕೆ ಹಿಂಜರಿಯುತ್ತಾಳೆ? ಅಂಗಡಿಯಲ್ಲಿ ಮೆಣಸಿನಕಾಯಿ ತೂಕ ಮಾಡುವಾಗ ಎರಡು ಸಲ ತಪ್ಪಿದೆ. ಗಿರಾಕಿಯ ಜೊತೆ ಜಗಳವೂ ಆಯಿತು. ತಪ್ಪು ನನ್ನದು, ಬೈದದ್ದೂ ನಾನೇ.

ಮಿಷನ್ ಕೇಳಿದರೆ ಆ ಮನೆಯ ಬಾಗಿಲು ಮುಚ್ಚುತ್ತದೆ ಎಂದು ನಿನಗಿದ್ದರೆ ಹಾಗೆಂದು ಬರೆ. ನಾನು ಬೈಯುವುದಿಲ್ಲ. ಬೈದರೂ ಒಂದು ಸಲ ಬೈದು ಸುಮ್ಮನಾಗುತ್ತೇನೆ.

ಕಸ್ತೂರಮ್ಮ


ಜಗಳೂರು
21-4-1981

ಪೂಜ್ಯ ದೊಡ್ಡಮ್ಮನವರಿಗೆ,

ಸಹಿ ಹಾಕಿದ ಕಾಗದ ಇದರಲ್ಲಿದೆ.

ಹೋದ ಸೋಮವಾರ ಅವರು ಜಗಳೂರಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತೆವು. ದೋಸೆ ತರಿಸಿದರು. ಅವರ ತಂಗಿಗೆ ಗಂಡು ಗೊತ್ತಾದ ವಿಷಯ, ಹೊಸ ಬಾವಿಯಲ್ಲಿ ನೀರು ಬಿದ್ದ ವಿಷಯ ಹೇಳಿದರು. ಆಮೇಲೆ "ಯಾವಾಗ ಬರ್ತೀಯ?" ಎಂದರು.

"ಮಿಷನ್ ಕೋಣೆಯ ಬೀಗ ತೆಗೆಸ್ತೀರಾ?" ಎಂದೆ.

ಲೋಟ ತಿರುಗಿಸಿದರು. "ಅಪ್ಪನ್ನ ಕೇಳಿ ಹೇಳ್ತೀನಿ," ಎಂದರು.

ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದು ಸಹಿ ಹಾಕಿದೆ. ಅಂಚೆಗೆ ಹಾಕಲು ಒಂದು ವಾರ ಹಿಡಿಯಿತು. ಮತ್ತೇನೂ ಇಲ್ಲ.

ಇಂತಿ,
ಶಾಂತಾ


ನ್ಯಾಮತಿ
6-7-1981

ಶಾಂತಾ,

ಶಾಲೆಗಳು ಶುರುವಾದವು. ಈ ವರ್ಷದ ಸಮವಸ್ತ್ರದ ಕೆಲಸ ಕೈಬಿಟ್ಟುಹೋದ ಹಾಗೆ. ಅದನ್ನು ನೆನೆದರೆ ಊಟ ಸೇರುವುದಿಲ್ಲ. ಮುಂದಿನ ವರ್ಷದ್ದನ್ನು ಬಿಡುವುದಿಲ್ಲ.

ಚನ್ನಗಿರಿಯಲ್ಲಿ ದಾವೆ ದಾಖಲಾಗಿದೆ. ವಾದಿ ಶಾಂತಾದೇವಿ, ಪ್ರತಿವಾದಿ ಕಲ್ಲೇಶಪ್ಪ ಎಂದು ಬರೆದಿದ್ದಾರೆ. ನನ್ನ ಹೆಸರು ಕೆಳಗೆಲ್ಲೋ ಸಾಕ್ಷಿ ಪಟ್ಟಿಯಲ್ಲಿದೆ.

ಸಮನ್ಸು ಜಾರಿಯಾಗದೆ ದಾವೆ ಮುಂದೆ ಹೋಗುವುದಿಲ್ಲವಂತೆ. ಅದನ್ನು ಹಿಡಿದು ಕೋರ್ಟಿನ ಅಮೀನ ಒಂದು ಸಲ ಹೋದಾಗ "ಕಲ್ಲೇಶಪ್ಪ ಮನೆಯಲ್ಲಿಲ್ಲ, ಅಡಿಕೆ ವ್ಯಾಪಾರಕ್ಕೆ ಹೋಗಿದ್ದಾರೆ," ಎಂದು ಹೇಳಿ ಕಳಿಸಿದರು. ಇನ್ನೊಂದು ಸಲವೂ ಅದೇ ಮಾತು. ಹೀಗೇ ಆದರೆ ನಾನು ಸಾಯುವವರೆಗೂ ಅವನು ವ್ಯಾಪಾರಕ್ಕೇ ಹೋಗಿರುತ್ತಾನೆ. ಸಂತೆಯ ದಿನ ನಾನೇ ಅಮೀನನ ಜೊತೆ ಹೋದೆ. ಸಂತೆಯ ದಿನ ವ್ಯಾಪಾರಿ ಊರು ಬಿಡುವುದಿಲ್ಲ ಎಂಬುದು ಮೆಣಸಿನಕಾಯಿ ಮಾರುವವಳಿಗೆ ಗೊತ್ತಿಲ್ಲವೇ? ಜಗಲಿಯ ಮೇಲೆ ಸಿಕ್ಕಿದ. "ಅಕಾ, ಅವನೇ ಕಲ್ಲೇಶಪ್ಪ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಓಡಲಾಗಲಿಲ್ಲ, ಸಹಿ ಹಾಕಿ ತೆಗೆದುಕೊಂಡ.

ನಿನ್ನ ಅತ್ತೆ ಶಿವಗಂಗಮ್ಮ ಒಳಗಿಂದ ಎಲೆ ಅಡಿಕೆ ತಟ್ಟೆ ತಂದು ಮುಂದಿಟ್ಟಳು. ಬೆಳಗಿನಿಂದ ಬಾಯಿಗೆ ಎಲೆ ಬಿದ್ದಿರಲಿಲ್ಲ. ಹಾಕಿಕೊಂಡು ಹೊರಟು ಬಂದೆ. ಅಡಿಕೆ ಮಾತ್ರ ಚೆನ್ನಾಗಿತ್ತು.

ಮುಂದಿನ ವಾಯಿದೆ ಆಗಸ್ಟಿನಲ್ಲಿ.

ಕಸ್ತೂರಮ್ಮ


ನ್ಯಾಮತಿ
18-9-1981

ಶಾಂತಾ,

ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ತಿರುಗುತ್ತಿದ್ದೇನೆ.

ಕಲ್ಲೇಶಪ್ಪ ಕೋರ್ಟಿಗೆ ತಕರಾರು ಕೊಟ್ಟಿದ್ದಾನೆ. ಮಿಷನ್ ನನ್ನದು ಎಂದಿಲ್ಲ. ನನ್ನ ಹತ್ತಿರ ಇಲ್ಲ ಎಂದೂ ಹೇಳಿಲ್ಲ. ದಾವೆ ರಾಜಿಯಾಗಿದೆ ಎಂದಿದ್ದಾನೆ! ಹುಡುಗಿಯ ಹಿರಿಯಳು ಬೀದಿ ಜನರ ಎದುರು ನಮ್ಮ ಮನೆ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಂಡಿದ್ದಾಳೆ, ಜಗಳ ಆಡಿದವರು ಎಲೆ ತೆಗೆದುಕೊಂಡರೆ ಮಾತು ಮುಗಿದ ಹಾಗೆ, ಇದು ನಮ್ಮ ಸೀಮೆಯ ಪದ್ಧತಿ ಎಂದು ಬರೆಸಿದ್ದಾನೆ.

ಪದ್ಧತಿ ಇದೆ, ಇಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ನಮ್ಮ ಓಣಿಯಲ್ಲಿ ಎಷ್ಟೋ ಜಗಳಕ್ಕೆ ನಾನೇ ತಟ್ಟೆ ಹಿಡಿದಿದ್ದೇನೆ. ಎಲೆ ಬಾಯಿಗೆ ಹಾಕಿಕೊಂಡ ಮೇಲೆ ಹಳೇ ಮಾತು ಎತ್ತಿದವನನ್ನು ಉಗಿದಿದ್ದೇನೆ. ಇವತ್ತು ಒಂದು ತುಂಡು ಅಡಿಕೆಯ ಚಪಲಕ್ಕೆ ನಿನ್ನ ಮಿಷನ್ ಅಗಿದು ನುಂಗಿದೆನಲ್ಲೇ! ಆ ಶಿವಗಂಗಮ್ಮ ಬೇಕೆಂದೇ ತಂದಿಟ್ಟಳೋ ಏನೋ.

ಬೆನಕಪ್ಪನವರು ಮೆತ್ತಗೆ ಹೇಳಿದರು: "ಎಲೆ ಹಾಕ್ಕಂಡ್ರಾ ಅಂತ ಕೇಳಿದ್ರೆ ನೆನಪಿಲ್ಲ ಅನ್ನಿ. ವಯಸ್ಸಾಗೈತೆ, ನಂಬ್ತಾರೆ."

ನೀನು ಏನನ್ನುತ್ತೀಯ?

ಕಸ್ತೂರಮ್ಮ


ಜಗಳೂರು
1-10-1981

ಪೂಜ್ಯ ದೊಡ್ಡಮ್ಮನವರಿಗೆ,

ಅತ್ತೆ ಬೇಕೆಂದು ಮಾಡಿರುವುದಿಲ್ಲ. ಬಾಗಿಲಿಗೆ ಬಂದವರನ್ನು ಎಲೆ ಕೊಡದೆ ಕಳಿಸಿ ಅವರಿಗೆ ಗೊತ್ತಿಲ್ಲ. ಆಮೇಲೆ ಯೋಚನೆ ಮಾಡಿದವರು ಬೇರೆಯವರು.

ನೆನಪಿಲ್ಲ ಎನ್ನಬೇಡಿ. ನಿಮಗೆ ನೆನಪಿಲ್ಲ ಎಂದರೆ ನಂಬುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಆದದ್ದನ್ನು ಆದ ಹಾಗೆ ಹೇಳಿ. ಮಿಷನ್ ಹೋದರೆ ಹೋಗಲಿ.

ಹಾಗೆ ಬರೆದೆ, ಆದರೆ ಹೋಗಲಿ ಎಂದು ಮನಸ್ಸಿಲ್ಲ. ಮಹಿಳಾ ಸಮಾಜದವರು ಮುಂದಿನ ವರ್ಷಕ್ಕೆ ಮಾರ್ಚಿನಲ್ಲೇ ಹೆಸರು ಬರೆದುಕೊಳ್ಳುತ್ತಾರಂತೆ. ಮಿಷನ್ ಬರುತ್ತದೆ ಎಂದು ನನ್ನ ಹೆಸರು ಹೇಳಿ ಬಂದಿದ್ದೇನೆ.

ಸಾಕ್ಷಿಯ ದಿನ ನಾನು ದಾವಣಗೆರೆ ಮೇಲೆ ಬರುತ್ತೇನೆ. ಕೋರ್ಟಿನ ಹತ್ತಿರವೇ ಸಿಗೋಣ.

ಇಂತಿ,
ಶಾಂತಾ


ನ್ಯಾಮತಿ
27-1-1982

ಶಾಂತಾ,

ಮೊನ್ನೆ ನಿನಗೆ ಹೇಳದೆ ಬಸ್ಸು ಹತ್ತಿ ಬಂದೆ. ನಿನ್ನ ಮುಖ ನೋಡಲು ಆಗಲಿಲ್ಲ. ಬೆನಕಪ್ಪನವರು ಇನ್ನೂ ಏನೂ ತಿಳಿಸಿಲ್ಲ. ದಾವೆ ಹಾಳಾಯಿತೆಂದೇ ನನ್ನ ಲೆಕ್ಕ.

ನಾನು ಕಟಕಟೆಯಲ್ಲಿ ನಿಂತಾಗ ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅವರ ವಕೀಲ ಕೇಳಿದ: "ಎಲೆ ಅಡಿಕೆ ಹಾಕಿಕೊಂಡಿರೋ ಇಲ್ಲವೋ?"

"ಹಾಕ್ಕಂಡೆ. ಬಾಯಿ ಒಣಗಿತ್ತು."

"ಎಷ್ಟು ಜನ ನೋಡಿದರು?"

"ನಾನು ಎಲೆ ಅಗೀತಿದ್ದೆ, ತಲೆ ಎಣಿಸ್ತಿರಲಿಲ್ಲ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. "ನಿಮ್ಮ ಕಡೆ ಜಗಳ ಆಡಿದವರು ಎಲೆ ತೆಗೆದುಕೊಂಡರೆ ಏನರ್ಥ?" ಎಂದ. ಬೆನಕಪ್ಪನವರು ನನ್ನನ್ನೇ ನೋಡುತ್ತಿದ್ದರು. ಪ್ರಮಾಣ ಮಾಡಿ ನಿಂತಿದ್ದೆ. "ರಾಜಿ ಅಂತ ಅರ್ಥ," ಎಂದೆ. ಬೆನಕಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಕಲ್ಲೇಶಪ್ಪ ಹತ್ತಿದ. ಏನು ರಾಜಿ ಎಂದು ಪೀಠದಲ್ಲಿದ್ದ ಮುನಸೀಫರು ಕೇಳಿದ್ದಕ್ಕೆ, ಸೊಸೆ ಮನೆಗೆ ಬರುವುದು, ಮಿಷನ್ ಮನೆಯಲ್ಲೇ ಇರುವುದು, ಇಷ್ಟೇ ರಾಜಿ ಎಂದುಬಿಟ್ಟ! ಅಂಥ ಮಾತನ್ನು ಯಾರು ಆಡಿದ್ದರು? ನನಗೆ ತಡೆಯಲಾಗಲಿಲ್ಲ. "ಏ ಕಲ್ಲೇಶಿ, ಬಾಯಾಗೆ ನಾಲಿಗೆ ಐತೋ, ಎಕ್ಕಡ ಐತೋ?" ಎಂದು ಕೂಗಿದೆ. ಮುನಸೀಫರು ಹೊರಗೆ ಕಳಿಸಿ ಎಂದರು. ಜವಾನ ಪಾಪ ಮರ್ಯಾದೆಯವನು, "ಬರ್ರಿ ಅಮ್ಮಾ, ಹೊರಗೆ ಗಾಳಿ ಚೆನ್ನಾಗೈತೆ," ಎಂದ.

ಆಮೇಲೆ ಏನಾಯಿತು? ಬೇಗ ಬರೆ. ಬೈಯುವುದಿದ್ದರೂ ಬರೆ.

ಕಸ್ತೂರಮ್ಮ


ಜಗಳೂರು
20-2-1982

ಪೂಜ್ಯ ದೊಡ್ಡಮ್ಮನವರಿಗೆ,

ತೀರ್ಪು ತಿಳಿಯಲಿ ಎಂದು ಕಾದು ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡಿ.

ನಿಮ್ಮನ್ನು ಹೊರಗೆ ಕಳಿಸಿದ ಮೇಲೆ ಮುನಸೀಫರು ಮಾವನವರನ್ನು ಕೇಳಿದರು: "ಎಲೆ ಕೊಟ್ಟವರು ಯಾರು?"

"ನಮ್ಮ ಮನೆಯಾಕಿ ಸ್ವಾಮಿ."

"ತೆಗೆದುಕೊಂಡವರು?"

"ಕಸ್ತೂರಮ್ಮ."

"ಈ ದಾವೆಯ ವಾದಿ ಯಾರು?"

ಮಾವನವರು ಅವರ ವಕೀಲರ ಕಡೆ ನೋಡಿದರು. ಮುನಸೀಫರು ನನ್ನನ್ನು ಮತ್ತೆ ಕರೆದರು. ಹೇಳಬೇಕಾದದ್ದನ್ನು ಬೆನಕಪ್ಪನವರು ನನಗೆ ಉದ್ದಕ್ಕೆ ಹೇಳಿಕೊಟ್ಟಿದ್ದರು, ಒಂದೂ ಬಾಯಿಗೆ ಬರಲಿಲ್ಲ. "ನನಗೆ ಯಾರೂ ಎಲೆ ಕೊಟ್ಟಿಲ್ಲ ಸ್ವಾಮಿ," ಎಂದೆ. ಅಷ್ಟೇ ಹೇಳಿದ್ದು.

ಅವರ ವಕೀಲರು ಬಿಡಲಿಲ್ಲ. "ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದೆಯಾ?" ಎಂದರು. ನಮ್ಮ ಮನೆಯವರು ಕಿಟಕಿಯ ಹತ್ತಿರ ನಿಂತಿದ್ದರು. ಕಿಟಕಿಯ ಹೊರಗೇ ನೋಡುತ್ತಿದ್ದರು.

"ಕೊಡೋಕೆ ಮುಂಚೆ ನನ್ನ ಕೇಳಿದ್ರೆ ಯೋಚನೆ ಮಾಡ್ತಿದ್ದೆ," ಎಂದೆ.

ಮುನಸೀಫರು ಬರೆದುಕೊಂಡರು. ಹೊರಗೆ ಬಂದು ನಿಮ್ಮನ್ನು ಮರದ ಕೆಳಗೆ, ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಕಡೆ ಹುಡುಕಿದೆ.

ಮೊನ್ನೆ ಬೆನಕಪ್ಪನವರ ಕಾಗದ ಬಂತು. ವಾದಿ ಒಪ್ಪದ ರಾಜಿ ರಾಜಿಯಲ್ಲ ಎಂದು ತೀರ್ಪಾಗಿದೆಯಂತೆ. ಎರಡು ತಿಂಗಳ ಒಳಗೆ ಮಿಷನ್ ಕೊಡಬೇಕು, ಕೊಡದಿದ್ದರೆ ಅಮೀನನೇ ಹೋಗಿ ಬೀಗ ತೆಗೆಸಿ ತರುತ್ತಾನಂತೆ.

ನೀವು ನಿಜ ಹೇಳಿದ್ದರಿಂದ ಏನೂ ಕೆಡಲಿಲ್ಲ. ಇನ್ನಾದರೂ ಊಟ ಮಾಡಿ.

ಇಂತಿ,
ಶಾಂತಾ


ಜಗಳೂರು
14-4-1982

ಪೂಜ್ಯ ದೊಡ್ಡಮ್ಮನವರಿಗೆ,

ಮಿಷನ್ ಬಂತು. ಅಮೀನ ತರಲಿಲ್ಲ, ಅವರೇ ತಂದರು. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಸ್ಟ್ಯಾಂಡಿನಿಂದ ಕೂಲಿಯವನ ಜೊತೆ ತಾವೂ ಒಂದು ಕಡೆ ಹಿಡಿದುಕೊಂಡು ಬಂದರು. ಬಿಸಿಲಿಗೆ ಅಂಗಿಯೆಲ್ಲ ಒದ್ದೆ. ಗಾದ್ರಮ್ಮ ಮಜ್ಜಿಗೆ ಕೊಟ್ಟರು. ಮಿಷನ್ನಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಬೆಲ್ಟು ಸಡಿಲವಾಗಿತ್ತು. ಚಕ್ರ ತಿರುಗಿಸಿ ನೋಡಿದೆ, ತಿರುಗಿತು.

"ಮುಟ್ಟಿತು ಅಂತ ಬರೆದುಕೊಡು, ಕೋರ್ಟಿಗೆ ಕೊಡ್ಬೇಕು," ಎಂದರು. ಬರೆದು ಸಹಿ ಹಾಕಿ ಕೊಟ್ಟೆ. ಅವರು ಮೇಲಿಂದ ಕೆಳಗೆ ಎರಡು ಸಲ ಓದಿದರು.

"ಇದರಾಗೆ ನನ್ನ ಹೆಸರೇ ಇಲ್ಲ," ಎಂದರು.

"ನಿಮ್ಮ ಮೇಲೆ ನಾನು ದಾವೆ ಹಾಕಿರಲಿಲ್ಲವಲ್ಲ," ಎಂದೆ.

ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ದಾವಣಗೆರೆಗೆ ನಾಲ್ಕು ಗಂಟೆಗೆ ಒಂದು ಬಸ್ಸು, ಆರಕ್ಕೆ ಒಂದು ಎಂದು ಹೇಳಿದೆ. ಹೂಂ ಎಂದರು. ಎಣ್ಣೆ ಬಿಡಲು ಕೂತೆ. ನಾಲ್ಕರ ಬಸ್ಸು ಹಾರ್ನ್ ಹೊಡೆದುಕೊಂಡು ಹೋದದ್ದು ಮನೆಗೇ ಕೇಳಿಸಿತು. ಅವರು ಬೆಲ್ಟು ಬಿಗಿ ಮಾಡುತ್ತಿದ್ದರು.

ಸಮವಸ್ತ್ರದ ಬಟ್ಟೆ ಸೋಮವಾರ ಕೊಡುತ್ತಾರೆ.

ಇಂತಿ,
ಶಾಂತಾ


ನ್ಯಾಮತಿ
22-4-1982

ಶಾಂತಾ,

ಕಾಗದ ಬಂತು. ಓದಿ ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ಮಿಷನ್ನಿನ ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒರೆಸು. ಬೆಲ್ಟು ಹೊಸದು ಹಾಕಿಸು, ಹಳೆಯದು ಬಿಗಿ ಮಾಡಿದರೂ ಎಷ್ಟು ದಿನ ತಡೆದೀತು?

ಬೆನಕಪ್ಪನವರಿಗೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಕಳಿಸಿದೆ. ಫೀಸು ಬೇರೆ, ಇದು ಬೇರೆ.

ಆರರ ಬಸ್ಸಿನ ವಿಷಯ ನೀನು ಬರೆದಿಲ್ಲ. ಕೇಳಬೇಕೆಂದು ಎರಡು ಕಾರ್ಡು ಬರೆದೆ, ಎರಡನ್ನೂ ಒಲೆಗೆ ಹಾಕಿದೆ. ಅವನು ಹತ್ತಿದನೋ ಬಿಟ್ಟನೋ, ನೀನು ಹತ್ತಿಸಿದೆಯೋ ಇಲ್ಲವೋ, ಅದು ನನ್ನ ಹೆಸರಿನ ದಾವೆಯಲ್ಲ. ಸಾಕ್ಷಿಯನ್ನು ಕರೆದಾಗ ಮಾತ್ರ ಸಾಕ್ಷಿ ಬರಬೇಕು ಎಂದು ಆ ಜವಾನ ನನಗೆ ಚೆನ್ನಾಗಿ ಹೇಳಿಕೊಟ್ಟಿದ್ದಾನೆ.

ನಾನು ಹೊರಗೇ ಕೂತಿದ್ದೇನೆ. ಕರೆದರೆ ಬರುತ್ತೇನೆ.

ನಿನ್ನ ದೊಡ್ಡಮ್ಮ
ಕಸ್ತೂರಮ್ಮ